ಗಾಂಜಾ ಸಸ್ಯದ ಸೂಕ್ಷ್ಮಜೀವಿ ಪರೀಕ್ಷೆ ಮತ್ತು ರೋಗನಿರೋಧಕತೆ

ಗಾಂಜಾ ಗಿಡದ ಒಣಗಿಸಿದ ಹೂಗೊಂಚಲು, ಎಲೆ ಹಾಗೂ ಅವುಗಳಿಂದ ತಯಾರಿಸಿದ ಉತ್ಪನ್ನಗಳಲ್ಲಿ ಹಾನಿಕಾರಕ ಬ್ಯಾಕ್ಟೀರಿಯಾ, ಶಿಲೀಂಧ್ರ ಅಥವಾ ಶಿಲೀಂಧ್ರವಿಷಗಳು ಸೇರಿವೆಯೇ ಎಂದು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ಕ್ರಮವನ್ನು ಗಾಂಜಾ ಸಸ್ಯದ ಸೂಕ್ಷ್ಮಜೀವಿ ಪರೀಕ್ಷೆ ಎನ್ನುತ್ತಾರೆ. ಹೊಲದಲ್ಲಿ ಅಥವಾ ಗಾಜಿನ ಮನೆಯಲ್ಲಿ ಬೆಳೆಯುತ್ತಿರುವ ಗಿಡಕ್ಕೆ ತಗಲುವ ರೋಗಗಳನ್ನು ಗುರುತಿಸುವುದು ಮತ್ತು ಯಾವ ತಳಿ ಆ ರೋಗಗಳನ್ನು ತಡೆದುಕೊಳ್ಳುತ್ತದೆ ಎಂದು ಪರಿಶೀಲಿಸುವುದು ಇದಕ್ಕೆ ಹೊಂದಿಕೊಂಡ ಇನ್ನೊಂದು ಶಾಖೆ. ಮೊದಲನೆಯದು ಬಳಕೆದಾರನ ಆರೋಗ್ಯಕ್ಕೂ ಎರಡನೆಯದು ಗಿಡದ ಆರೋಗ್ಯಕ್ಕೂ ಸಂಬಂಧಿಸಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳು, ಕೆನಡಾ ಮತ್ತು ಯುರೋಪಿನ ಕೆಲವು ದೇಶಗಳಲ್ಲಿ ಗಾಂಜಾವನ್ನು ಔಷಧವಾಗಿ ಅಥವಾ ವಯಸ್ಕರ ಬಳಕೆಗೆ ಕಾನೂನುಬದ್ಧಗೊಳಿಸಿದ ಮೇಲೆ ಇಂತಹ ಪರೀಕ್ಷೆಗಳು ಕಡ್ಡಾಯವಾಗುತ್ತ ಬಂದಿವೆ. ರೋಗನಿರೋಧಕ ಶಕ್ತಿ ಕುಂದಿದ ರೋಗಿಗಳು ಔಷಧವೆಂದು ಗಾಂಜಾ ಬಳಸುವ ಸಂದರ್ಭಗಳಲ್ಲಿ ಈ ಪರೀಕ್ಷೆಗಳ ಮಹತ್ವ ಹೆಚ್ಚು.

ಹಿನ್ನೆಲೆ

ಗಾಂಜಾ ಅಥವಾ ಭಂಗಿ ಗಿಡವು ಕ್ಯಾನಬೇಸಿಯೇ ಕುಟುಂಬಕ್ಕೆ ಸೇರಿದೆ. ಬಿಯರ್ ತಯಾರಿಕೆಯಲ್ಲಿ ಬಳಸುವ ಹಾಪ್ ಬಳ್ಳಿಯೂ ಇದೇ ಕುಟುಂಬದ್ದು. ಗಾಂಜಾದಲ್ಲಿ ಗಂಡು ಮತ್ತು ಹೆಣ್ಣು ಗಿಡಗಳು ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ. ಔಷಧೀಯ ಹಾಗೂ ಮಾದಕ ಗುಣವುಳ್ಳ ರಾಸಾಯನಿಕಗಳು ಹೆಣ್ಣು ಹೂಗೊಂಚಲಿನ ರಾಳಗ್ರಂಥಿಗಳಲ್ಲಿ ಹೆಚ್ಚಾಗಿ ಸಂಗ್ರಹವಾಗುತ್ತವೆ.

ಈ ಹೂಗೊಂಚಲಿನ ರಚನೆಯೇ ಸೂಕ್ಷ್ಮಜೀವಿಗಳಿಗೆ ಅನುಕೂಲಕರವಾಗಿದೆ. ಅಂಟು ರಾಳವು ಗಾಳಿಯಲ್ಲಿ ತೇಲಿಬರುವ ಧೂಳನ್ನೂ ಬೀಜಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗೊಂಚಲು ಒತ್ತಾಗಿರುವುದರಿಂದ ಅದರ ಒಳಭಾಗದಲ್ಲಿ ತೇವ ಉಳಿಯುತ್ತದೆ. ತರಕಾರಿಯಂತೆ ಇದನ್ನು ತೊಳೆದು ಬೇಯಿಸುವ ರೂಢಿಯಿಲ್ಲ. ಹೊಗೆಯಾಗಿಯೋ ಆವಿಯಾಗಿಯೋ ಸೇವಿಸಿದಾಗ ಅದರಲ್ಲಿರುವ ಕಣಗಳು ಜಠರದ ಆಮ್ಲವನ್ನು ಹಾದುಹೋಗದೆ ನೇರವಾಗಿ ಶ್ವಾಸಕೋಶವನ್ನು ಸೇರುತ್ತವೆ. ಉರಿಯುವ ತುದಿಯ ಶಾಖವು ಎಲ್ಲ ಬೀಜಕಣಗಳನ್ನೂ ಕೊಲ್ಲುವುದಿಲ್ಲ. ಹೊಗೆಯೊಂದಿಗೆ ಕೆಲವು ಜೀವಂತವಾಗಿಯೇ ಒಳಸೇರಬಲ್ಲವು.

ಬೇಸಾಯದ ಕ್ರಮವೂ ಅಪಾಯವನ್ನು ಹೆಚ್ಚಿಸುತ್ತದೆ. ವಾಣಿಜ್ಯ ಬೆಳೆಗಾರರು ಸಾಮಾನ್ಯವಾಗಿ ಒಂದು ತಾಯಿಗಿಡದಿಂದ ಕಾಂಡದ ತುಂಡುಗಳನ್ನು ತೆಗೆದು ನೂರಾರು ಸಸಿಗಳನ್ನು ಪಡೆಯುತ್ತಾರೆ. ಇವೆಲ್ಲವೂ ಅನುವಂಶಿಕವಾಗಿ ಒಂದೇ ಆಗಿರುವುದರಿಂದ ಒಂದು ಗಿಡವನ್ನು ಬಾಧಿಸಬಲ್ಲ ರೋಗವು ಕೋಣೆಯ ಎಲ್ಲ ಗಿಡಗಳನ್ನೂ ಬಾಧಿಸಬಲ್ಲದು. ತಾಯಿಗಿಡದಲ್ಲಿ ಅಡಗಿದ ಸೋಂಕು ಪ್ರತಿಯೊಂದು ಸಸಿಗೂ ದಾಟಬಹುದು.

ಆರೋಗ್ಯದ ಅಪಾಯಗಳು

ಗಾಂಜಾದಲ್ಲಿ ಕಂಡುಬರುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಆರೋಗ್ಯವಂತರಿಗೆ ಅಪಾಯಕಾರಿಯಲ್ಲ. ಆದರೆ ಕೆಲವು ಪ್ರಭೇದಗಳು ಗಂಭೀರ ಕಾಯಿಲೆಯನ್ನು ಉಂಟುಮಾಡಿದ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

1981ರ ಜನವರಿ ಮತ್ತು ಫೆಬ್ರವರಿಯಲ್ಲಿ ಅಮೆರಿಕದ ಓಹಾಯೊ, ಮಿಷಿಗನ್, ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳಿಂದ ಸಾಲ್ಮೊನೆಲ್ಲಾ ಮುಂಚೆನ್ ಎಂಬ ಬ್ಯಾಕ್ಟೀರಿಯಾದಿಂದ ಉಂಟಾದ ಕರುಳುಬೇನೆಯ 85 ಪ್ರಕರಣಗಳು ವರದಿಯಾದವು. ತನಿಖೆಯ ಮೊದಲ ಹಂತದಲ್ಲಿ ಯಾವ ಆಹಾರ ಪದಾರ್ಥವೂ ಇದಕ್ಕೆ ಕಾರಣವೆಂದು ತಿಳಿಯಲಿಲ್ಲ. ಬಳಿಕ ಮಿಷಿಗನ್‌ನ ರೋಗಿಗಳಲ್ಲಿ ಶೇ. 76ರಷ್ಟು ಮಂದಿ ತಾವು ಅಥವಾ ತಮ್ಮ ಮನೆಯವರು ಗಾಂಜಾದ ಸಂಪರ್ಕಕ್ಕೆ ಬಂದಿದ್ದುದಾಗಿ ಒಪ್ಪಿಕೊಂಡರು. ಹೋಲಿಕೆಗೆ ಆರಿಸಿಕೊಂಡ ಆರೋಗ್ಯವಂತರಲ್ಲಿ ಈ ಪ್ರಮಾಣ ಶೇ. 21 ಮಾತ್ರ. ರೋಗಿಗಳ ಮನೆಗಳಿಂದ ಪಡೆದ ಗಾಂಜಾದಲ್ಲಿ ಗ್ರಾಂ ಒಂದಕ್ಕೆ 1 ಕೋಟಿಯವರೆಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳು ಸಿಕ್ಕವು. ಬ್ಯಾಕ್ಟೀರಿಯಾದಲ್ಲಿರುವ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರಗಳ ಮಾದರಿಯನ್ನು ಹೋಲಿಸಿ, ಬೇರೆಬೇರೆ ರಾಜ್ಯಗಳ ಪ್ರಕರಣಗಳು ಪರಸ್ಪರ ಸಂಬಂಧಿಸಿದವೆಂದು ತೋರಿಸಲಾಯಿತು. ಈ ಅಧ್ಯಯನವು 1982ರಲ್ಲಿ ಪ್ರಕಟವಾಯಿತು.

ಇದಕ್ಕಿಂತ ಹೆಚ್ಚು ಆತಂಕಕಾರಿಯಾದದ್ದು ಆಸ್ಪರ್ಜಿಲಸ್ ಕುಲದ ಶಿಲೀಂಧ್ರ. ಇದರ ಬೀಜಕಣಗಳು ಮಣ್ಣು, ಗೊಬ್ಬರ, ಗಾಳಿ ಹೀಗೆ ಎಲ್ಲೆಡೆಯೂ ಇರುತ್ತವೆ. ಆರೋಗ್ಯವಂತರ ಶ್ವಾಸಕೋಶವು ಅವುಗಳನ್ನು ನಿವಾರಿಸಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅವು ಶ್ವಾಸಕೋಶದಲ್ಲಿಯೇ ಬೇರೂರಿ ಆಸ್ಪರ್ಜಿಲೋಸಿಸ್ ಎಂಬ ಕಾಯಿಲೆಯನ್ನು ತರುತ್ತವೆ. 1988ರಲ್ಲಿ ಪ್ರಕಟವಾದ ಒಂದು ವರದಿಯು ರಕ್ತದ ಕ್ಯಾನ್ಸರಿಗಾಗಿ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ 34 ವರ್ಷದ ರೋಗಿಯೊಬ್ಬನ ಪ್ರಕರಣವನ್ನು ವಿವರಿಸುತ್ತದೆ. ಕಸಿಯಾದ 75ನೆಯ ದಿನ ಆತನಲ್ಲಿ ಶ್ವಾಸಕೋಶದ ಆಸ್ಪರ್ಜಿಲೋಸಿಸ್ ಕಾಣಿಸಿಕೊಂಡಿತು. ಆತ ಅದಕ್ಕೂ ಮುಂಚಿನ ಕೆಲವು ವಾರ ಗಾಂಜಾ ಸೇದಿದ್ದ. ಆ ಗಾಂಜಾದಿಂದ ಬೆಳೆಸಿದ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಶಿಲೀಂಧ್ರವು ಶ್ವಾಸಕೋಶದ ಅಂಗಾಂಶದಿಂದ ಬೆಳೆಸಿದ ಶಿಲೀಂಧ್ರವನ್ನು ರೂಪದಲ್ಲಿಯೂ ಬೆಳವಣಿಗೆಯಲ್ಲಿಯೂ ಹೋಲುತ್ತಿತ್ತು. ಚಿಕಿತ್ಸೆ ನೀಡಿದರೂ ರೋಗಿ ಬದುಕುಳಿಯಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಾಕರಿಕೆಯನ್ನು ತಗ್ಗಿಸಲೆಂದು ಗಾಂಜಾವನ್ನು ಬಳಸುವವರಲ್ಲಿ ಅನೇಕರು ಇಂತಹ ಸೋಂಕಿಗೆ ಸುಲಭವಾಗಿ ತುತ್ತಾಗುವ ಸ್ಥಿತಿಯಲ್ಲಿರುತ್ತಾರೆ ಎಂಬುದು ಈ ಪ್ರಕರಣದ ಮಹತ್ವ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು 2016ರ ಆರೋಗ್ಯ ವಿಮಾ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಂಜಾ ಬಳಕೆ ದಾಖಲಾದವರಲ್ಲಿ ಶಿಲೀಂಧ್ರ ಸೋಂಕಿನ ಸಂಭವವು ಇತರರಿಗಿಂತ 3.5 ಪಟ್ಟು ಹೆಚ್ಚಾಗಿತ್ತು. ಇದು ಎರಡರ ನಡುವಿನ ಸಂಬಂಧವನ್ನಷ್ಟೇ ತೋರಿಸುತ್ತದೆ, ಗಾಂಜಾವೇ ಸೋಂಕಿಗೆ ಕಾರಣವೆಂದು ಸಿದ್ಧಪಡಿಸುವುದಿಲ್ಲ.

ಮೂರನೆಯ ಅಪಾಯ ಶಿಲೀಂಧ್ರವಿಷಗಳದ್ದು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಉತ್ಪಾದಿಸುವ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರವು ಗಾಂಜಾದ ಮೇಲೂ ಬೆಳೆಯಬಲ್ಲದು. ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿಮಾಡುವ ಮತ್ತು ಕ್ಯಾನ್ಸರ್ ತರಬಲ್ಲ ವಿಷ. ಶಿಲೀಂಧ್ರ ಸತ್ತ ಮೇಲೂ ಅದರ ವಿಷ ಉಳಿದಿರುತ್ತದೆಯಾದ್ದರಿಂದ ಇದನ್ನು ರಾಸಾಯನಿಕ ವಿಶ್ಲೇಷಣೆಯಿಂದ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.

ಪರೀಕ್ಷೆಗೆ ಒಳಪಡುವ ಅಂಶಗಳು

ನಿಯಮಗಳು ಒಂದೊಂದು ಪ್ರದೇಶದಲ್ಲಿ ಒಂದೊಂದು ರೀತಿಯಾಗಿದ್ದರೂ ಸಾಮಾನ್ಯವಾಗಿ ಕೆಳಗಿನ ಅಂಶಗಳನ್ನು ಪರೀಕ್ಷಿಸಲಾಗುತ್ತದೆ:

- ಆಮ್ಲಜನಕದ ಸಮ್ಮುಖದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ಒಟ್ಟು ಎಣಿಕೆ
- ಯೀಸ್ಟ್ ಮತ್ತು ಬೂಷ್ಟುಗಳ ಒಟ್ಟು ಎಣಿಕೆ
- ಮಲದ ಸಂಪರ್ಕ ಅಥವಾ ಅನೈರ್ಮಲ್ಯವನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳು
- ಸಾಲ್ಮೊನೆಲ್ಲಾ ಮತ್ತು ಶಿಗಾ ವಿಷವನ್ನು ಉತ್ಪಾದಿಸುವ ಇ. ಕೋಲಿ
- ಆಸ್ಪರ್ಜಿಲಸ್‌ನ ನಾಲ್ಕು ಪ್ರಭೇದಗಳು: ಫ್ಯುಮಿಗೇಟಸ್, ಫ್ಲೇವಸ್, ನೈಜರ್ ಮತ್ತು ಟೆರಿಯಸ್
- ಅಫ್ಲಾಟಾಕ್ಸಿನ್ ಮತ್ತು ಆಕ್ರಾಟಾಕ್ಸಿನ್ ಎಂಬ ಶಿಲೀಂಧ್ರವಿಷಗಳು
- ಜಲ ಚಟುವಟಿಕೆ

ಜಲ ಚಟುವಟಿಕೆ ಎಂಬುದು ಪದಾರ್ಥದಲ್ಲಿರುವ ಒಟ್ಟು ನೀರಿನ ಅಳತೆಯಲ್ಲ. ಸೂಕ್ಷ್ಮಜೀವಿಗಳ ಬೆಳವಣಿಗೆಗೆ ದೊರೆಯಬಲ್ಲ ನೀರು ಎಷ್ಟು ಎಂಬುದನ್ನು ಇದು ಸೂಚಿಸುತ್ತದೆ. ಶುದ್ಧ ನೀರಿನ ಜಲ ಚಟುವಟಿಕೆ 1 ಎಂದು ಪರಿಗಣಿಸಿದರೆ, ಒಣ ಗಾಂಜಾ ಹೂವಿನಲ್ಲಿ ಅದು 0.55ರಿಂದ 0.65ರ ನಡುವೆ ಇರಬೇಕೆಂದು ಎ.ಎಸ್.ಟಿ.ಎಂ. ಇಂಟರ್‌ನ್ಯಾಷನಲ್ ಸಂಸ್ಥೆಯ ಮಾನದಂಡವು ಹೇಳುತ್ತದೆ. ಇದಕ್ಕಿಂತ ಹೆಚ್ಚಾದರೆ ಬೂಷ್ಟು ಬೆಳೆಯಲು ಅವಕಾಶವಾಗುತ್ತದೆ. ತೀರ ಕಡಿಮೆಯಾದರೆ ಹೂವು ಪುಡಿಯಾಗಿ ಗುಣ ಕೆಡುತ್ತದೆ.

ಮಾದರಿ ಸಂಗ್ರಹ

ಪರೀಕ್ಷೆಯ ಫಲಿತಾಂಶವು ಮಾದರಿಯನ್ನು ಹೇಗೆ ಆರಿಸಲಾಯಿತು ಎಂಬುದನ್ನು ಅವಲಂಬಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಹೂವಿನ ಒಂದು ಬ್ಯಾಚ್ 50 ಪೌಂಡ್, ಅಂದರೆ ಸುಮಾರು 22.7 ಕಿಲೋಗ್ರಾಂ ಮೀರಬಾರದೆಂಬ ನಿಯಮವಿದೆ. ಬ್ಯಾಚಿನ ಬೇರೆಬೇರೆ ಭಾಗಗಳಿಂದ ಸ್ವಲ್ಪಸ್ವಲ್ಪವಾಗಿ ತೆಗೆದು ಒಟ್ಟುಗೂಡಿಸಿದ ಮಾದರಿಯಿಂದ ರೋಗಕಾರಕ ಜೀವಿಗಳ ಪರೀಕ್ಷೆಗೆ ಬಳಸುವುದು ಕೇವಲ 1 ಗ್ರಾಂನಷ್ಟು. ಬೂಷ್ಟು ಸರಕಿನ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಗೊಂಚಲು ಒಳಗೊಳಗೇ ಕೊಳೆತಿದ್ದು ಅದರ ಪಕ್ಕದ್ದು ಶುದ್ಧವಾಗಿರಬಹುದು. ಆದ್ದರಿಂದ ಉತ್ತೀರ್ಣವಾದ ಒಂದು ಮಾದರಿಯು ಬ್ಯಾಚಿನಲ್ಲಿ ಸೋಂಕೇ ಇಲ್ಲವೆಂದು ಖಚಿತಪಡಿಸಲಾರದು. ಸೋಂಕಿರುವ ಸಂಭವ ಕಡಿಮೆ ಎಂದಷ್ಟೇ ಅದರಿಂದ ತಿಳಿಯುತ್ತದೆ.

ಪರೀಕ್ಷಾ ವಿಧಾನಗಳು

ತಟ್ಟೆಯಲ್ಲಿ ಬೆಳೆಸುವ ವಿಧಾನ

ಇದು ಹಳೆಯದೂ ಸರಳವೂ ಆದ ವಿಧಾನ. ಹೂವನ್ನು ದ್ರಾವಣದಲ್ಲಿ ಕಲಕಿ, ಹಂತಹಂತವಾಗಿ ತೆಳುಗೊಳಿಸಿ, ಅಗರ್ ಎಂಬ ಲೋಳೆಯಂತಹ ಪೋಷಕ ಮಾಧ್ಯಮವಿರುವ ಪೆಟ್ರಿ ತಟ್ಟೆಯ ಮೇಲೆ ಹರಡಲಾಗುತ್ತದೆ. ಕೆಲವು ದಿನ ಕಾವುಪೆಟ್ಟಿಗೆಯಲ್ಲಿಟ್ಟಾಗ ಪ್ರತಿಯೊಂದು ಜೀವಂತ ಕೋಶ ಅಥವಾ ಬೀಜಕಣವು ಕಣ್ಣಿಗೆ ಕಾಣುವ ಕಾಲೊನಿಯಾಗಿ ಬೆಳೆಯುತ್ತದೆ. ಕಾಲೊನಿಗಳನ್ನು ಎಣಿಸಿ, ತೆಳುಗೊಳಿಸಿದ ಪ್ರಮಾಣದಿಂದ ಗುಣಿಸಿ, ಗ್ರಾಂ ಒಂದಕ್ಕೆ ಇಷ್ಟು ಸಿ.ಎಫ್.ಯು. ಎಂದು ಬರೆಯುತ್ತಾರೆ. ಸಿ.ಎಫ್.ಯು. ಎಂದರೆ ಕಾಲೊನಿಯಾಗಿ ಬೆಳೆಯಬಲ್ಲ ಒಂದು ಘಟಕ.

ಜೀವಂತವಾಗಿರುವುದನ್ನು ಮಾತ್ರ ಎಣಿಸುವುದು ಈ ವಿಧಾನದ ಗುಣ. ಆದರೆ ಬೂಷ್ಟಿನ ಎಣಿಕೆಗೆ ಐದು ದಿನಗಳಷ್ಟು ಕಾಯಬೇಕಾಗುತ್ತದೆ. ಎಲ್ಲ ಜೀವಿಗಳೂ ಒಂದೇ ಮಾಧ್ಯಮದಲ್ಲಿ ಬೆಳೆಯುವುದಿಲ್ಲ. ಗಿಡದ ಅಂಗಾಂಶದ ಒಳಗೆ ವಾಸಿಸುವ ಶಿಲೀಂಧ್ರಗಳು ದ್ರಾವಣಕ್ಕೆ ಬರದೆ ಎಣಿಕೆಯಿಂದ ತಪ್ಪಿಸಿಕೊಳ್ಳಬಹುದು. ಗಾಂಜಾದ ಕ್ಯಾನಬಿನಾಯ್ಡ್‌ಗಳಿಗೆ ಬ್ಯಾಕ್ಟೀರಿಯಾ ನಿರೋಧಕ ಗುಣವಿರುವುದರಿಂದ ಮಾದರಿಯೇ ಕೆಲವು ಜೀವಿಗಳ ಬೆಳವಣಿಗೆಯನ್ನು ತಡೆಯುವುದೂ ಉಂಟು. ಆಸ್ಪರ್ಜಿಲಸ್‌ನ ಪ್ರಭೇದಗಳನ್ನು ಬರಿಗಣ್ಣಿನಿಂದ ಖಚಿತವಾಗಿ ಬೇರ್ಪಡಿಸುವುದೂ ಕಷ್ಟ.

ಪಿ.ಸಿ.ಆರ್. ವಿಧಾನ

ಪಿ.ಸಿ.ಆರ್. ವಿಧಾನದಲ್ಲಿ ಜೀವಿಯನ್ನು ಬೆಳೆಸುವ ಬದಲು ಅದರ ಡಿ.ಎನ್.ಎ.ಯನ್ನು ಹುಡುಕಲಾಗುತ್ತದೆ. ಆಯಾ ಪ್ರಭೇದಕ್ಕೆ ವಿಶಿಷ್ಟವಾದ ಡಿ.ಎನ್.ಎ. ತುಣುಕನ್ನು ಗುರುತಿಸಿ, ಬಿಸಿಮಾಡಿ ತಣಿಸುವ ಆವರ್ತಗಳ ಮೂಲಕ ಅದನ್ನು ಇಮ್ಮಡಿಗೊಳಿಸುತ್ತ ಹೋಗುತ್ತಾರೆ. ತತ್ತ್ವತಃ 30 ಆವರ್ತಗಳಲ್ಲಿ ಒಂದು ತುಣುಕು ಸುಮಾರು 107 ಕೋಟಿ ಪ್ರತಿಗಳಾಗುತ್ತದೆ. ಪ್ರತಿಗಳು ಹೆಚ್ಚಿದಂತೆ ಹೊಳೆಯುವ ವರ್ಣದ್ರವ್ಯದ ನೆರವಿನಿಂದ ಆರಂಭದಲ್ಲಿ ಎಷ್ಟು ಡಿ.ಎನ್.ಎ. ಇತ್ತೆಂದು ಲೆಕ್ಕಹಾಕಬಹುದು. ಎಷ್ಟು ಬೇಗ ಹೊಳಪು ಕಾಣಿಸಿಕೊಳ್ಳುತ್ತದೆಯೋ ಆರಂಭದ ಪ್ರಮಾಣ ಅಷ್ಟು ಹೆಚ್ಚು.

ಈ ವಿಧಾನವು ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುತ್ತದೆ ಮತ್ತು ಪ್ರಭೇದಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಆದರೆ ಸತ್ತ ಜೀವಿಯ ಡಿ.ಎನ್.ಎ.ಯೂ ಇದರಲ್ಲಿ ಕಾಣಿಸಿಕೊಳ್ಳುವುದು ಒಂದು ತೊಡಕು. ಇದಕ್ಕೆ ಎರಡು ಪರಿಹಾರಗಳಿವೆ. ಮಾದರಿಯನ್ನು ಮೊದಲು ಪೋಷಕ ದ್ರಾವಣದಲ್ಲಿ ಸುಮಾರು ಒಂದು ದಿನ ಇಟ್ಟು ಜೀವಂತ ಕೋಶಗಳು ವೃದ್ಧಿಯಾಗಲು ಬಿಡುವುದು ಒಂದು. ಜೀವಂತ ಕೋಶದ ಹೊರಗೆ ಬಿಡಿಯಾಗಿರುವ ಡಿ.ಎನ್.ಎ.ಯನ್ನು ಕಿಣ್ವದಿಂದ ಮೊದಲೇ ನಾಶಪಡಿಸುವುದು ಇನ್ನೊಂದು.

ಎಲ್ಲ ಜೀವಿಗಳ ಸಮೀಕ್ಷೆ

ಮಾದರಿಯಲ್ಲಿರುವ ಎಲ್ಲ ಸೂಕ್ಷ್ಮಜೀವಿಗಳ ಡಿ.ಎನ್.ಎ. ಅನುಕ್ರಮವನ್ನು ಒಟ್ಟಿಗೆ ಓದುವ ತಂತ್ರವನ್ನು ನಿತ್ಯದ ಪರೀಕ್ಷೆಗಿಂತ ಸಂಶೋಧನೆಯಲ್ಲಿ ಹೆಚ್ಚಾಗಿ ಬಳಸುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವೈದ್ಯರು ಭಾಗವಹಿಸಿದ್ದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಮಾರಾಟ ಕೇಂದ್ರಗಳಿಂದ ಪಡೆದ 20 ಔಷಧೀಯ ಗಾಂಜಾ ಮಾದರಿಗಳನ್ನು ಹೀಗೆ ಪರಿಶೀಲಿಸಿದಾಗ ಆಸ್ಪರ್ಜಿಲಸ್, ಮ್ಯೂಕರ್ ಮತ್ತು ಕ್ರಿಪ್ಟೊಕಾಕಸ್ ಶಿಲೀಂಧ್ರಗಳೂ ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳೂ ಕಂಡುಬಂದವು. ಇವುಗಳಲ್ಲಿ ಕೆಲವು ಕಡ್ಡಾಯ ಪರೀಕ್ಷೆಗಳ ಪಟ್ಟಿಯಲ್ಲಿಲ್ಲ.

ಮಿತಿಗಳು ಮತ್ತು ನಿಯಮಗಳು

ಎಲ್ಲ ದೇಶಗಳಿಗೂ ಅನ್ವಯಿಸುವ ಒಂದೇ ಮಿತಿ ಇಲ್ಲ. ಅಮೆರಿಕನ್ ಹರ್ಬಲ್ ಫಾರ್ಮಾಕೋಪಿಯಾ ಸಂಸ್ಥೆಯ ಗಾಂಜಾ ಕೈಪಿಡಿಯು ಸಂಸ್ಕರಿಸದ ಹೂವಿಗೆ ಗ್ರಾಂ ಒಂದಕ್ಕೆ 1,00,000 ಬ್ಯಾಕ್ಟೀರಿಯಾ ಮತ್ತು 10,000 ಯೀಸ್ಟ್ ಹಾಗೂ ಬೂಷ್ಟುಗಳ ಮಿತಿಯನ್ನು ಶಿಫಾರಸು ಮಾಡಿತು. 2014ರ ಜನವರಿ 1ರಂದು ವಯಸ್ಕರ ಬಳಕೆಗೆ ಮಾರಾಟ ಆರಂಭಿಸಿದ ಕೊಲೊರಾಡೊ ರಾಜ್ಯವೂ ಯೀಸ್ಟ್ ಮತ್ತು ಬೂಷ್ಟಿಗೆ 10,000ದ ಮಿತಿಯನ್ನು ಅನುಸರಿಸಿತು. ಕ್ಯಾಲಿಫೋರ್ನಿಯಾ 2018ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಒಟ್ಟು ಎಣಿಕೆಯ ಬದಲು, 1 ಗ್ರಾಂ ಮಾದರಿಯಲ್ಲಿ ಸಾಲ್ಮೊನೆಲ್ಲಾ ಹಾಗೂ ಶಿಗಾ ವಿಷದ ಇ. ಕೋಲಿ ಪತ್ತೆಯಾಗಬಾರದು ಎಂಬ ನಿಯಮ ಬಂದಿತು. ಉಸಿರಾಟದ ಮೂಲಕ ಸೇವಿಸುವ ಉತ್ಪನ್ನಗಳಲ್ಲಿ ಆಸ್ಪರ್ಜಿಲಸ್‌ನ ನಾಲ್ಕು ಪ್ರಭೇದಗಳೂ ಇರಬಾರದು. ಅಫ್ಲಾಟಾಕ್ಸಿನ್‌ಗಳ ಒಟ್ಟು ಪ್ರಮಾಣ ಕಿಲೋಗ್ರಾಂಗೆ 20 ಮೈಕ್ರೋಗ್ರಾಂ ಮೀರಬಾರದು.

ಯುರೋಪಿಯನ್ ಫಾರ್ಮಾಕೋಪಿಯಾ ಉಸಿರಾಟದ ಮೂಲಕ ಸೇವಿಸುವ ಔಷಧಗಳಿಗೆ ಇನ್ನೂ ಬಿಗಿಯಾದ ಮಿತಿಗಳನ್ನು ಹೇಳುತ್ತದೆ: ಗ್ರಾಂ ಒಂದಕ್ಕೆ ಬ್ಯಾಕ್ಟೀರಿಯಾ 100, ಯೀಸ್ಟ್ ಮತ್ತು ಬೂಷ್ಟು 10. ಹೀಗಾಗಿ ಕೊಲೊರಾಡೊದ ಮಿತಿಗೂ ಯುರೋಪಿನ ಮಿತಿಗೂ ಬೂಷ್ಟಿನ ವಿಷಯದಲ್ಲಿ ಸಾವಿರ ಪಟ್ಟು ಅಂತರವಿದೆ. ಒಂದೆಡೆ ಮಾರಾಟಕ್ಕೆ ಯೋಗ್ಯವಾದ ಹೂವು ಇನ್ನೊಂದೆಡೆ ತಿರಸ್ಕೃತವಾಗಬಹುದು.

ಸೂಕ್ಷ್ಮಜೀವಿ ನಿವಾರಣೆ

ಇಷ್ಟು ಬಿಗಿಯಾದ ಮಿತಿಯನ್ನು ಬೇಸಾಯದ ಎಚ್ಚರಿಕೆಯಿಂದಲೇ ತಲುಪುವುದು ಕಷ್ಟ. ನೆದರ್ಲೆಂಡ್ಸಿನಲ್ಲಿ 2003ರಿಂದ ವೈದ್ಯರ ಚೀಟಿಯ ಮೇಲೆ ಔಷಧದಂಗಡಿಗಳಲ್ಲಿ ದೊರೆಯುವ ಗಾಂಜಾವನ್ನು ಗ್ಯಾಮಾ ಕಿರಣಗಳಿಂದ ಸಂಸ್ಕರಿಸುವ ಪದ್ಧತಿ ಬೆಳೆದುಬಂದದ್ದು ಇದೇ ಕಾರಣಕ್ಕೆ. ಅಲ್ಲಿ ಬಳಸುವ ತಳಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸಂಸ್ಕರಣೆಯಿಂದ ಟಿ.ಎಚ್.ಸಿ. ಮತ್ತು ಸಿ.ಬಿ.ಡಿ. ಪ್ರಮಾಣ ಬದಲಾಗಲಿಲ್ಲವೆಂದೂ ಪರಿಮಳಕ್ಕೆ ಕಾರಣವಾದ ಕೆಲವು ಟರ್ಪೀನ್‌ಗಳು ಕಡಿಮೆಯಾದವೆಂದೂ ಕಂಡುಬಂದಿತು. ಎಲೆಕ್ಟ್ರಾನ್ ಕಿರಣ, ಕ್ಷ-ಕಿರಣ, ಓಝೋನ್ ಅನಿಲ ಮತ್ತು ಹಬೆ ಇತರ ವಿಧಾನಗಳು.

ಈ ವಿಧಾನಗಳು ಜೀವಿಗಳನ್ನು ಕೊಲ್ಲುತ್ತವೆಯೇ ಹೊರತು ಅವು ಮೊದಲೇ ಬಿಟ್ಟುಹೋದ ವಿಷವನ್ನು ಸಂಪೂರ್ಣವಾಗಿ ತೆಗೆಯುವುದಿಲ್ಲ. ಸತ್ತ ಬೀಜಕಣಗಳೂ ಅಲರ್ಜಿಯನ್ನು ಉಂಟುಮಾಡಬಲ್ಲವು. ಆದ್ದರಿಂದ ಸಂಸ್ಕರಣೆಯು ಶುಚಿಯಾದ ಬೇಸಾಯಕ್ಕೆ ಬದಲಿಯಾಗಲಾರದು.

ಗಿಡದ ಪ್ರಮುಖ ರೋಗಗಳು

ಬೂದಿರೋಗ: ಗೊಲೊವಿನೊಮೈಸಿಸ್ ಕುಲದ ಶಿಲೀಂಧ್ರದಿಂದ ಬರುತ್ತದೆ. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತಹ ಕಲೆಗಳು ಮೂಡಿ ಹೂವಿಗೂ ಹರಡುತ್ತವೆ. ಈ ಶಿಲೀಂಧ್ರವು ಜೀವಂತ ಗಿಡದ ಮೇಲೆ ಮಾತ್ರ ಬೆಳೆಯುವುದರಿಂದ ಅಗರ್ ತಟ್ಟೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಹೂಕೊಳೆ: ಬೊಟ್ರೈಟಿಸ್ ಸಿನೇರಿಯಾ ಎಂಬ ಬೂದುಬಣ್ಣದ ಬೂಷ್ಟಿನಿಂದ ಬರುತ್ತದೆ. ಕೊಯ್ಲಿನ ಹೊತ್ತಿಗೆ ತೇವ ಹೆಚ್ಚಿದ್ದರೆ ಒತ್ತಾದ ಗೊಂಚಲುಗಳು ಒಳಗಿನಿಂದ ಕೊಳೆಯುತ್ತವೆ.

ಸೊರಗು ಮತ್ತು ಬೇರುಕೊಳೆ: ಫ್ಯುಸೇರಿಯಂ ಮತ್ತು ಪಿಥಿಯಂ ಜೀವಿಗಳಿಂದ ಬರುತ್ತವೆ. ಮಣ್ಣಿಲ್ಲದೆ ಪೋಷಕ ನೀರಿನಲ್ಲಿ ಬೆಳೆಸುವ ತೋಟಗಳಲ್ಲಿ ನೀರಿನ ಮೂಲಕ ಬೇಗ ಹರಡುತ್ತವೆ.

ಹಾಪ್ ಲೇಟೆಂಟ್ ವೈರಾಯ್ಡ್: ವೈರಾಯ್ಡ್ ಎಂಬುದು ವೈರಸ್ಸಿಗಿಂತಲೂ ಚಿಕ್ಕದಾದ, ಪ್ರೋಟೀನ್ ಹೊದಿಕೆಯಿಲ್ಲದ ಬರಿಯ ಆರ್.ಎನ್.ಎ. ಉಂಗುರ. ಈ ವೈರಾಯ್ಡ್‌ನಲ್ಲಿ 256 ನ್ಯೂಕ್ಲಿಯೊಟೈಡ್‌ಗಳಷ್ಟೇ ಇವೆ. ಮೊದಲು ಹಾಪ್ ಬಳ್ಳಿಯಲ್ಲಿ ತಿಳಿದಿದ್ದ ಇದನ್ನು ಕ್ಯಾಲಿಫೋರ್ನಿಯಾದ ಗಾಂಜಾ ಗಿಡಗಳಲ್ಲಿ 2019ರಲ್ಲಿ ವರದಿ ಮಾಡಲಾಯಿತು. ಸೋಂಕಿತ ಗಿಡವು ಕುಬ್ಜವಾಗಿ, ಕಾಂಡ ಪೆಡಸಾಗಿ, ರಾಳಗ್ರಂಥಿಗಳು ಕಡಿಮೆಯಾಗುತ್ತವೆ. ಅನೇಕ ಗಿಡಗಳು ಬಹುಕಾಲ ಯಾವ ಲಕ್ಷಣವನ್ನೂ ತೋರದೆ ಸೋಂಕನ್ನು ಹೊತ್ತಿರುತ್ತವೆ. ಕತ್ತರಿ ಮತ್ತು ಕಾಂಡದ ತುಂಡುಗಳ ಮೂಲಕ ಇದು ಹರಡುವುದರಿಂದ ತಾಯಿಗಿಡಗಳ ಬೇರು ಮತ್ತು ಎಲೆಗಳನ್ನು ಆಗಾಗ ಪಿ.ಸಿ.ಆರ್. ಮೂಲಕ ಪರೀಕ್ಷಿಸುತ್ತಾರೆ.

ರೋಗನಿರೋಧಕತೆಯ ಪರೀಕ್ಷೆ

ತಳಿಯೊಂದರ ನಿರೋಧಕತೆಯನ್ನು ಅಳೆಯಲು ರೋಗಕಾರಕವನ್ನು ಉದ್ದೇಶಪೂರ್ವಕವಾಗಿ ಗಿಡಕ್ಕೆ ತಗುಲಿಸಿ, ನಿಗದಿತ ತಾಪ ಮತ್ತು ತೇವದಲ್ಲಿಟ್ಟು, ರೋಗ ಎಲೆಯ ಎಷ್ಟು ಭಾಗವನ್ನು ಆವರಿಸಿತೆಂದು ದಿನದಿನವೂ ದಾಖಲಿಸುತ್ತಾರೆ. ಹೋಲಿಕೆಗಾಗಿ ಸುಲಭವಾಗಿ ರೋಗಕ್ಕೆ ತುತ್ತಾಗುವ ತಳಿಯನ್ನೂ ಜೊತೆಯಲ್ಲಿಡುತ್ತಾರೆ.

ಬೂದಿರೋಗದ ವಿಷಯದಲ್ಲಿ ಜೀನ್ ಮಟ್ಟದ ಅಧ್ಯಯನಗಳು ಮುಂದುವರಿದಿವೆ. ಪಿಎಂ1 ಎಂಬ ನಿರೋಧಕ ಜೀನನ್ನು 2021ರಲ್ಲಿ ವಿವರಿಸಲಾಯಿತು. ಇದು ಒಂದೇ ಪ್ರಬಲ ಜೀನ್ ಆಗಿರುವುದರಿಂದ ಹೆತ್ತವರಲ್ಲಿ ಒಬ್ಬರಿಂದ ಬಂದರೂ ಮರಿಗಿಡದಲ್ಲಿ ಗುಣ ವ್ಯಕ್ತವಾಗುತ್ತದೆ. ಇನ್ನೊಂದು ಮಾರ್ಗ ಎಂ.ಎಲ್.ಒ. ಜೀನ್‌ಗಳದ್ದು. ಇವು ಬೂದಿರೋಗದ ಶಿಲೀಂಧ್ರವು ಗಿಡದೊಳಗೆ ಪ್ರವೇಶಿಸಲು ನೆರವಾಗುತ್ತವೆ. ಇವು ಕೆಟ್ಟಾಗ ಗಿಡ ರೋಗದಿಂದ ಪಾರಾಗುತ್ತದೆ. 1942ರಲ್ಲಿ ಬಾರ್ಲಿಯಲ್ಲಿ ಮೊದಲು ವರದಿಯಾದ ಈ ಬಗೆಯ ನಿರೋಧಕತೆ ಅಲ್ಲಿ ದೀರ್ಘಕಾಲ ಬಾಳಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಗಾಂಜಾದ ಎಂ.ಎಲ್.ಒ. ಜೀನ್‌ಗಳಲ್ಲಿ ಎರಡನ್ನು ಬೂದಿರೋಗಕ್ಕೆ ದಾರಿಮಾಡಿಕೊಡುವ ಸಂಭಾವ್ಯ ಜೀನ್‌ಗಳೆಂದು ಗುರುತಿಸಿತು. ಇಂತಹ ಜೀನ್‌ಗಳಿಗೆ ಹೊಂದಿಕೊಂಡ ಡಿ.ಎನ್.ಎ. ಗುರುತುಗಳು ತಿಳಿದರೆ ಎಳೆಯ ಸಸಿಯ ಎಲೆಯ ಚೂರೊಂದರಿಂದಲೇ, ರೋಗ ತಗುಲಿಸದೆ, ನಿರೋಧಕ ಗಿಡಗಳನ್ನು ಆರಿಸಬಹುದು.

ಒಂದೇ ಜೀನಿನ ಮೇಲೆ ನಿಂತ ನಿರೋಧಕತೆಯನ್ನು ಶಿಲೀಂಧ್ರದ ಹೊಸ ರೂಪವೊಂದು ಮುರಿಯಬಹುದು. ಆದ್ದರಿಂದ ಹಲವು ಜೀನ್‌ಗಳನ್ನು ಒಂದೇ ತಳಿಯಲ್ಲಿ ಕೂಡಿಸುವುದು ಬೆಳೆ ತಳಿಶಾಸ್ತ್ರದ ಸಾಮಾನ್ಯ ಕ್ರಮ.

ಟೀಕೆ ಮತ್ತು ಇತಿಮಿತಿಗಳು

ಒಟ್ಟು ಎಣಿಕೆಯ ಪರೀಕ್ಷೆಯು ಒಳ್ಳೆಯ ಜೀವಿಗೂ ಕೆಟ್ಟ ಜೀವಿಗೂ ಭೇದವೆಣಿಸುವುದಿಲ್ಲ. ರೋಗ ನಿಯಂತ್ರಣಕ್ಕಾಗಿ ಟ್ರೈಕೊಡರ್ಮಾ ಅಥವಾ ಬ್ಯಾಸಿಲಸ್‌ನಂತಹ ಉಪಕಾರಿ ಜೀವಿಗಳನ್ನು ಸಿಂಪಡಿಸಿದ ಬೆಳೆ ಎಣಿಕೆ ಹೆಚ್ಚಾಗಿ ಅನುತ್ತೀರ್ಣವಾಗಬಹುದು. ಎಣಿಕೆ ಕಡಿಮೆಯಿರುವ ಹೂವಿನಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅಡಗಿರಲೂಬಹುದು. ಬೆಳೆಗಾರರೇ ಪ್ರಯೋಗಾಲಯಕ್ಕೆ ಹಣ ಕೊಡುವ ವ್ಯವಸ್ಥೆಯಲ್ಲಿ, ಸುಲಭವಾಗಿ ಉತ್ತೀರ್ಣಗೊಳಿಸುವ ಪ್ರಯೋಗಾಲಯವನ್ನು ಹುಡುಕಿ ಹೋಗುವ ಪ್ರವೃತ್ತಿ ಅಮೆರಿಕದಲ್ಲಿ ಟೀಕೆಗೆ ಗುರಿಯಾಗಿದೆ.

ರೋಗನಿರೋಧಕ ತಳಿಯೆಂದರೆ ಬಳಕೆದಾರನಿಗೆ ಸುರಕ್ಷಿತವಾದ ತಳಿ ಎಂಬ ಅರ್ಥವಿಲ್ಲ. ಬೂದಿರೋಗವನ್ನು ತಡೆಯುವ ಜೀನ್ ಆಸ್ಪರ್ಜಿಲಸ್‌ನ್ನು ತಡೆಯಲಾರದು. ಆಸ್ಪರ್ಜಿಲಸ್ ಸತ್ತ, ಅರೆ ಒಣಗಿದ ಪದಾರ್ಥದ ಮೇಲೂ ಬೆಳೆಯಬಲ್ಲ ಶಿಲೀಂಧ್ರ. ಅದನ್ನು ತಡೆಯಲು ಕೊಯ್ಲಿನ ನಂತರ ಬೇಗ ಒಣಗಿಸುವುದು, ಜಲ ಚಟುವಟಿಕೆಯನ್ನು ಮಿತಿಯೊಳಗಿಡುವುದು ಮತ್ತು ಶುಚಿಯಾದ ದಾಸ್ತಾನು ಅಗತ್ಯ. ಆದರೆ ನಿರೋಧಕ ತಳಿಗಳಿಂದ ಪರೋಕ್ಷ ಪ್ರಯೋಜನವಿದೆ. ಕೊಳೆತ ಅಂಗಾಂಶ ಕಡಿಮೆಯಾದಷ್ಟೂ ಇತರ ಬೂಷ್ಟುಗಳಿಗೆ ನೆಲೆ ಕಡಿಮೆಯಾಗುತ್ತದೆ, ಶಿಲೀಂಧ್ರನಾಶಕಗಳ ಶೇಷವೂ ತಗ್ಗುತ್ತದೆ.

ಭಾರತದಲ್ಲಿ

ಭಾರತದಲ್ಲಿ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯ್ದೆಯು ಗಾಂಜಾವನ್ನು ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿಗಳು ಎಂದು ವ್ಯಾಖ್ಯಾನಿಸಿ, ಪರವಾನಗಿಯಿಲ್ಲದ ಬೇಸಾಯ ಮತ್ತು ಮಾರಾಟವನ್ನು ಅಪರಾಧವೆಂದು ಪರಿಗಣಿಸುತ್ತದೆ. ಕರ್ನಾಟಕಕ್ಕೂ ಇದು ಅನ್ವಯಿಸುತ್ತದೆ. ಅಕ್ರಮ ಸರಕು ಯಾವ ಸೂಕ್ಷ್ಮಜೀವಿ ಪರೀಕ್ಷೆಗೂ ಒಳಪಡುವುದಿಲ್ಲ. ನಾರು ಮತ್ತು ಬೀಜಕ್ಕಾಗಿ ಬೇಸಾಯಕ್ಕೆ ಅನುಮತಿ ನೀಡಲು ಕಾಯ್ದೆಯಲ್ಲಿ ಅವಕಾಶವಿದ್ದು, ಉತ್ತರಾಖಂಡವು 2018ರಲ್ಲಿ ಇಂತಹ ಪರವಾನಗಿ ನೀಡಿತು. ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಮಾನ್ಯಮಾಡಿತು.

ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಗಾಂಜಾ ಸಸ್ಯವು ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಇ(1) ಅನುಸೂಚಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕಾದ ಪದಾರ್ಥಗಳೊಂದಿಗೆ ಸೇರಿದೆ. ಭಾರತೀಯ ಆಯುರ್ವೇದ ಔಷಧ ಸಂಹಿತೆಯು ಗಿಡಮೂಲಿಕೆಗಳಿಗೆ ಗ್ರಾಂ ಒಂದಕ್ಕೆ 1,00,000 ಬ್ಯಾಕ್ಟೀರಿಯಾ, 1,000 ಯೀಸ್ಟ್ ಮತ್ತು ಬೂಷ್ಟುಗಳ ಮಿತಿಯನ್ನು ನಿಗದಿಪಡಿಸಿದೆ. ಸಾಲ್ಮೊನೆಲ್ಲಾ, ಇ. ಕೋಲಿ ಮೊದಲಾದ ರೋಗಕಾರಕಗಳು ಇರಲೇಬಾರದು.

ಇವನ್ನೂ ನೋಡಿ

- ಅಫ್ಲಾಟಾಕ್ಸಿನ್
- ಆಸ್ಪರ್ಜಿಲೋಸಿಸ್
- ಬೂದಿರೋಗ
- ಪಾಲಿಮರೇಸ್ ಸರಣಿ ಕ್ರಿಯೆ
- ವೈರಾಯ್ಡ್